ತೂತು ಎಣಿಸುವ ಕಸುಬು

ದೊಡ್ಡಬಳ್ಳಾಪುರದ ಗುಜರಿ ಅಂಗಡಿಯೊಂದರಲ್ಲಿ ಮೊನ್ನೆ ಐದು ಜನ ಪುಟ್ಟ ಮನುಷ್ಯರು ಸಿಕ್ಕರು. ಮಗ್ಗದ ಮುರುಕು, ಒಡೆದ ಪ್ಲಾಸ್ಟಿಕ್ ಡ್ರಮ್ಮುಗಳ ನಡುವೆ ಒರಗಿದ್ದ ಸೈಕಲ್ಲಿನ ಚೈನ್ ವೀಲಿಗೆ ಗ್ರೀಸು ಹೆಪ್ಪುಗಟ್ಟಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತ ಹೋದ ಹಾಗೆ ಒಬ್ಬೊಬ್ಬರಾಗಿ ಈಚೆಗೆ ಬಂದರು. ಚೈನ್ ವೀಲಿನಲ್ಲೇ ಕೊರೆದ ಬೊಂಬೆಗಳು. ಹಂಬರ್ ಸೈಕಲ್! ಮುಂದಿನ ಫೋರ್ಕಿಗೂ ಕೈಯಾಡಿಸಿದೆ. ಒಂದೊಂದು ಕಾಲಿಗೂ ಎರಡೆರಡು ಕೊಳವೆ, ಜೋಡಿಯಾಗಿ. ಇನ್ನು ಸಾಕ್ಷಿ ಬೇಕಿಲ್ಲ.

"ಬ್ರಿಟಿಷ್ರ ಕಾಲದ್ದು ಸಾ" ಎಂದ ಅಂಗಡಿಯವ. ಅಲ್ಲಿಯವರೆಗೆ ಕೆಜಿ ಲೆಕ್ಕದಲ್ಲಿದ್ದ ರೇಟು ಆ ಮಾತಿನೊಂದಿಗೆ ಹಾರಿಹೋಯಿತು.

ನಮ್ಮ ಕಡೆ ಹೇಳುವವನ ವಯಸ್ಸಿಗಿಂತ ಹಳೆಯದಾದ ಸೈಕಲ್ಲೆಲ್ಲ ಬ್ರಿಟಿಷರ ಕಾಲದ್ದೇ. ಹೊಸಕೋಟೆಯಲ್ಲಿ ಕೇಳಿ, ನೆಲಮಂಗಲದಲ್ಲಿ ಕೇಳಿ, ಉತ್ತರ ಬದಲಾಗುವುದಿಲ್ಲ. ಅಂಥ ರ‍್ಯಾಲಿ ಸೈಕಲ್ಲುಗಳಲ್ಲಿ ಎಷ್ಟೋ ಬಂಗಾಳದ ಅಸನ್ಸೋಲ್‌ನ ಸೇನ್-ರ‍್ಯಾಲಿ ಕಾರ್ಖಾನೆಯಿಂದ ಬಂದವು. ಆ ಕಾರ್ಖಾನೆ ಶುರುವಾದದ್ದು 1952ರಲ್ಲಿ, ಬ್ರಿಟಿಷರು ಗಂಟುಮೂಟೆ ಕಟ್ಟಿ ಐದು ವರ್ಷವಾದ ಮೇಲೆ. ಹರ್ಕ್ಯುಲಿಸ್ ಕಥೆಯೂ ಅಷ್ಟೇ. ಅದನ್ನು ಮಾಡಿದ ಮದ್ರಾಸಿನ ಟಿ.ಐ. ಸೈಕಲ್ಸ್ 1949ರದ್ದು. ಸೋನೆಪತ್‌ನ ಅಟ್ಲಾಸ್ 1951ರದ್ದು, ಲೂಧಿಯಾನದ ಹೀರೋ 1956ರದ್ದು. ಮುಂದಿನ ಹೆಡ್ ಟ್ಯೂಬಿನ ಬಿಲ್ಲೆಯಲ್ಲಿ ರ‍್ಯಾಲಿಯ ಗುರುತಾದ ಕೊಕ್ಕರೆಯ ತಲೆ ಇದ್ದರೆ ಸಾಲದು, ಅದರ ಇಂಗ್ಲಿಷ್ ತವರಾದ ನಾಟಿಂಗ್‌ಹ್ಯಾಮ್ ಎಂಬ ಹೆಸರೂ ಇರಬೇಕು. ಇದನ್ನು ಹೇಳಿದರೆ ಮಾರುವವರು ತಮ್ಮ ತಾತನಿಗೇ ಅವಮಾನವಾದಂತೆ ಮುಖ ಊದಿಸುತ್ತಾರೆ.

ಅವರ ಜೊತೆ ಜಗಳವಿಲ್ಲ, ವ್ಯಾಪಾರ ಅವರದು. ನನ್ನ ಜಗಳವಿರುವುದು ನಂಬರ್ ಪಂಗಡದವರ ಜೊತೆ. ಹಳೆಯ ಸೈಕಲ್ ಕಂಡ ಕೂಡಲೇ ಇವರು ಸೀಟಿನ ಕೆಳಗೆ ತಲೆ ತೂರಿಸಿ ಅಂಕಿ ಬರೆದುಕೊಳ್ಳುತ್ತಾರೆ, ಆಮೇಲೆ ಪಟ್ಟಿ ಹುಡುಕಿ ಇಸವಿ ಘೋಷಿಸುತ್ತಾರೆ. ಈ ಚಟ ಅಮೆರಿಕದ ಶ್ವಿನ್ ಸೈಕಲ್ಲಿನವರಿಗೆ ಒಪ್ಪುತ್ತದೆ, ಅಲ್ಲಿ ನಂಬರುಗಳ ಪಟ್ಟಿ ಇದೆ. ಆ ಪಟ್ಟಿಗೂ ಮಿತಿ ಉಂಟು. 1948ಕ್ಕೆ ಹಿಂದಿನ ದಾಖಲೆಗಳು ಬೆಂಕಿಗೆ ಹೋದವು. ಉಳಿದ ನಂಬರೂ ಅದನ್ನು ಕುಟ್ಟಿದ ದಿನವನ್ನು ಹೇಳುತ್ತದೆಯೇ ಹೊರತು ಸೈಕಲ್ ಜೋಡಿಸಿದ ದಿನವನ್ನಲ್ಲ. ತವರಿನಲ್ಲೇ ಹೀಗಿರುವಾಗ, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು, ಮೂರು ತಲೆಮಾರು ಹಾಲಿನ ಕ್ಯಾನು, ರೇಷ್ಮೆಗೂಡು, ಸೀರೆಯ ಗಂಟು ಹೊತ್ತ ಗಾಡಿಯ ಜಾತಕವನ್ನು ಒಂದು ಅಂಕಿಯಿಂದ ಬರೆಯಲು ಹೊರಡುವುದು ಉದ್ಧಟತನ.

ನಾನು ಚಕ್ರದ ನಡುವಿನ ಹಬ್ಬಿನಿಂದ ಶುರುಮಾಡುತ್ತೇನೆ. ಎಲ್ಲರೂ ಕಡ್ಡಿ ಎಣಿಸುತ್ತಾರೆ. ಕಡ್ಡಿ ಮುರಿಯುತ್ತದೆ, ಬದಲಾಗುತ್ತದೆ, ಕೆಲವೊಮ್ಮೆ ಹಾಕಿಸುವುದೇ ಮರೆತುಹೋಗುತ್ತದೆ. ತೂತಿಗೆ ಮರೆವಿಲ್ಲ. ಹಬ್ಬಿನ ಒಂದು ಬದಿಯ ತೂತುಗಳನ್ನು ಎಣಿಸಿ ದುಪ್ಪಟ್ಟು ಮಾಡಿ. ಮುಂದೆ 32, ಹಿಂದೆ 40 ಬಂದರೆ ಇಂಗ್ಲಿಷ್ ಪದ್ಧತಿ. ಅಮೆರಿಕದ್ದಾದರೆ ಮುಂದೂ ಹಿಂದೂ 36. ಹಿಂದಿನ ಚಕ್ರಕ್ಕೆ ಸವಾರನ ಭಾರವೂ ಕ್ಯಾರಿಯರಿನ ಭಾರವೂ ಬೀಳುತ್ತದೆ, ಎಂಟು ಕಡ್ಡಿ ಹೆಚ್ಚು ಕೊಡುವುದು ನ್ಯಾಯ. ನಮ್ಮ ಕಂಪನಿಗಳೂ ಇದೇ ಪದ್ಧತಿ ಹಿಡಿದವು. ಹಾಗಾಗಿ ತೂತಿನಿಂದ ಮನೆತನ ತಿಳಿಯುತ್ತದೆ, ಊರು ತಿಳಿಯುವುದಿಲ್ಲ.

ಊರಿನ ಸುಳಿವು ಬೇಕಿದ್ದರೆ ಪೆಡಲಿನ ಅಚ್ಚು ಕೂರುವ ಬಿಬಿ (ಬಾಟಮ್ ಬ್ರಾಕೆಟ್) ಕಪ್ ಬಿಚ್ಚಬೇಕು. ನಾಟಿಂಗ್‌ಹ್ಯಾಮ್ ರ‍್ಯಾಲಿಯ ತಿರುಪು ಮರೆಯಲ್ಲಿ ಅಂಗುಲಕ್ಕೆ 26 ಸುತ್ತು, ಉಳಿದ ಇಂಗ್ಲಿಷ್ ಸೈಕಲ್ಲುಗಳಲ್ಲಿ 24. ಅಳೆಯುವ ಗೇಜ್ ಇಲ್ಲದಿದ್ದರೂ ತೊಂದರೆಯಿಲ್ಲ. ಪೇಟೆಯಲ್ಲಿ ಸಿಗುವ 24ರ ಕಪ್ಪನ್ನು ಕೈಯಲ್ಲೇ ತಿರುಗಿಸಿ. ಒಂದೆರಡು ಸುತ್ತು ಹೋಗಿ ಕಚ್ಚಿ ನಿಂತಿತೋ, ರ‍್ಯಾಲಿ ಬಳಗದ್ದು. ಹಂಬರನ್ನೂ 1932ರಲ್ಲಿ ರ‍್ಯಾಲಿಯವರೇ ಕೊಂಡರು, ಆದ್ದರಿಂದ ಗುಜರಿಯ ಆ ಸೈಕಲ್ಲಿನಲ್ಲಿ ಕಪ್ಪು ಕಚ್ಚಿದಾಗ ನನಗಾದ ಹಿಗ್ಗು ಇಷ್ಟಿಷ್ಟಲ್ಲ. ಕಚ್ಚಿದ ಕಪ್ಪನ್ನು ಪಾನಾ ಹಾಕಿ, ಅದಕ್ಕೂ ಬಗ್ಗದಿದ್ದರೆ ಸುತ್ತಿಗೆಯಲ್ಲಿ ಬಡಿದು ಕೂರಿಸುವ ಮಹಾನುಭಾವರಿದ್ದಾರೆ. ಅವರ ವಿಷಯ ಬೇಡ.

ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ ಸಿಕ್ಕರೆ ಅದೃಷ್ಟ. ಯುದ್ಧಾನಂತರದ ಹಬ್ಬಿನ ಮೈಮೇಲೆ ಇಸವಿ, ತಿಂಗಳು ಎರಡೂ ಕೆತ್ತಿರುತ್ತವೆ. 52, ಪಕ್ಕದಲ್ಲಿ 3 ಇದ್ದರೆ 1952ರ ಮಾರ್ಚ್. ಅದೂ ಹಬ್ ಹುಟ್ಟಿದ ತಿಂಗಳು, ಫ್ರೇಮಿನದಲ್ಲ. ನಮ್ಮ ಹಂಬರಿನ ಹಿಂದಿನ ಹಬ್ ಲೂಧಿಯಾನದ್ದು, ಕ್ಯಾರಿಯರ್ ಯಾರೋ ವೆಲ್ಡಿಂಗ್ ಶೆಡ್ಡಿನವರದು. ಇಷ್ಟು ಜನ ಸೇರಿ ಉಳಿಸಿಕೊಂಡು ಬಂದ ಗಾಡಿಗೆ ಒಂದೇ ಇಸವಿ ಹಚ್ಚಿ ಉಳಿದವರನ್ನೆಲ್ಲ ಅಳಿಸುವುದೇಕೆ?

ಅಳಿಸುವವರೆಂದರೆ ನೆನಪಾಯಿತು. ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ಆ ಸುತ್ತಿನಲ್ಲಿ ರೆಸಾರ್ಟು, ಕೆಫೆಗಳು ಮೊಳೆತವು, ಅವಕ್ಕೆಲ್ಲ ಹಳೆಯ ಸೈಕಲ್ ಬೇಕು. ಒಂದು ಕಡೆ ರಡ್ಜ್ ಸೈಕಲ್ಲನ್ನು ಗೇಟಿಗೆ ವೆಲ್ಡ್ ಮಾಡಿ ನಿಲ್ಲಿಸಿದ್ದರು. ರಡ್ಜ್ ಗುರುತಾಗಿ ಚೈನ್ ವೀಲಿನಲ್ಲಿ ಕೊರೆದ ಚೆಂದದ ಹಸ್ತದವರೆಗೂ ಹಳದಿ ಬಣ್ಣ ಬಳಿದು, ಹ್ಯಾಂಡಲಿಗೆ ಬುಟ್ಟಿ ಕಟ್ಟಿ, ಬುಟ್ಟಿಯಲ್ಲಿ ಪ್ಲಾಸ್ಟಿಕ್ ಹೂವು. ಮೂಲದ ಕಪ್ಪು ಬಣ್ಣ, ಅದರ ಮೇಲಿನ ಚಿನ್ನದ ಗೆರೆ, ಇಂಥ ಅಂಗಡಿಯಲ್ಲಿ ಕೊಂಡದ್ದು ಎಂದು ಹೇಳುವ ಸ್ಟಿಕ್ಕರು, ಎಲ್ಲವನ್ನೂ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಬಿಸಾಡಿದ್ದಾರೆ. ಕೇಳಿದರೆ "ವಿಂಟೇಜ್ ಲುಕ್ ಸರ್" ಎನ್ನುತ್ತಾರೆ. ಮುದುಕನ ಮೀಸೆ ಬೋಳಿಸಿ ಅಂಟುಮೀಸೆ ಹಚ್ಚಿದ ಹಾಗೆ. ಗುಜರಿಯವನು ಕರಗಿಸಲು ಕಳಿಸುತ್ತಾನೆ, ಸರಿ, ಅದರಲ್ಲಿ ಸುಳ್ಳಿಲ್ಲ. ಇವರದು ಅಭಿರುಚಿಯ ಹೆಸರಿನ ಅಳಿಸಾಟ.

ಹಾಗೆ ಉಜ್ಜುವಾಗ ಮೊದಲು ಹೋಗುವುದು ಪುರಸಭೆಯ ಬಿಲ್ಲೆ. ಒಂದು ಕಾಲಕ್ಕೆ ಸೈಕಲ್ಲಿಗೂ ತೆರಿಗೆಯಿತ್ತು. ವರ್ಷ ವರ್ಷ ಹಣ ಕಟ್ಟಿ ಲೋಹದ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಬಿಲ್ಲೆಯಿಲ್ಲದೆ, ದೀಪವಿಲ್ಲದೆ, ಡಬಲ್ ರೈಡಿನಲ್ಲಿ ಸಿಕ್ಕಿಬಿದ್ದರೆ ಪೊಲೀಸಿನವನು ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದ. ಬಿಲ್ಲೆ ಸೈಕಲ್ ಹುಟ್ಟಿದ ವರ್ಷವನ್ನು ಹೇಳುವುದಿಲ್ಲ ನಿಜ, ಆದರೆ ಯಾವ ಊರಿನ ಬೀದಿಯಲ್ಲಿ, ಯಾವ ವರ್ಷ ಅದು ಓಡಾಡಿಕೊಂಡಿತ್ತು ಎಂಬುದನ್ನು ಸರ್ಕಾರದ ಮುದ್ರೆಯೊಂದಿಗೆ ಹೇಳುತ್ತದೆ. ಕಾರ್ಖಾನೆಯ ನಂಬರಿಗಿಂತ ನನಗೆ ಅದೇ ಹೆಚ್ಚು. ನಾಟಿಂಗ್‌ಹ್ಯಾಮಿನ ಲೆಕ್ಕ ನಾಟಿಂಗ್‌ಹ್ಯಾಮಿನವರು ನೋಡಿಕೊಳ್ಳಲಿ, ನಮ್ಮೂರಿನದನ್ನು ನಾವಲ್ಲದೆ ಇನ್ಯಾರು ಇಡಬೇಕು?

ನಿಮ್ಮ ಮನೆಯ ಕೊಟ್ಟಿಗೆಯಲ್ಲೋ ಅಟ್ಟದ ಮೇಲೋ ಹಳೆಯ ಸೈಕಲ್ ಇದ್ದರೆ ದಯವಿಟ್ಟು ಬಣ್ಣ ಹೊಡೆಸಬೇಡಿ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಸಾಕು. ಬಿಲ್ಲೆ, ಕೊಂಡ ರಸೀದಿ ಸಿಕ್ಕರೆ ಸೀಟಿನ ಹಿಂದಿನ ಟೂಲ್ ಬ್ಯಾಗಿನಲ್ಲೇ ಇಡಿ. ಮಾರಲೇಬೇಕಾಗಿ ಬಂದರೆ, ತುಳಿಯುವವರಿಗೆ ಮಾರಿ.