ಇಟ್ಟಿಗೆ ಗೋಪುರದ ಕೆಳಗೆ

ರಿಚ್ಮಂಡ್‌ನಿಂದ ಒಂದು ಗಂಟೆ ಡ್ರೈವ್ ಮಾಡಿದ್ರೆ ವರ್ಜೀನಿಯಾದ ಜೇಮ್ಸ್‌ಟೌನ್. ನದಿ ದಂಡೆಯಲ್ಲಿ ಹಳೇ ಚರ್ಚಿನ ಇಟ್ಟಿಗೆ ಗೋಪುರ. 1676ರಲ್ಲಿ ಗವರ್ನರ್ ವಿಲಿಯಂ ಬರ್ಕ್ಲಿ ವಿರುದ್ಧ ದಂಗೆಯೆದ್ದವರು ಊರಿಗೇ ಬೆಂಕಿ ಇಟ್ಟಿದ್ದರು.

ಬರ್ಕ್ಲಿ ದೊಡ್ಡ ತೋಟದ ಯಜಮಾನನೂ ಹೌದು. ಹೊಗೆಸೊಪ್ಪೊಂದನ್ನೇ ನಂಬಿದರೆ ಆಗಲ್ಲ ಅಂತ ಹತ್ತಿರದ ಗ್ರೀನ್ ಸ್ಪ್ರಿಂಗ್ ತೋಟದಲ್ಲಿ ಭತ್ತ, ರೇಷ್ಮೆ ಎಲ್ಲ ಪ್ರಯತ್ನಿಸಿದ್ದ. ರೇಷ್ಮೆ ಅಂದಕೂಡಲೇ ರಾಮನಗರದವಳಾದ ನನಗೆ ಆಸಾಮಿ ಇಷ್ಟವಾಗಿಬಿಟ್ಟ!

ಆದರೆ ಆ ತೋಟದಲ್ಲಿ ದುಡಿದವರಲ್ಲಿ ಆಫ್ರಿಕಾದ ಗುಲಾಮರೂ ಇದ್ದರು. ಇವನ ಆಡಳಿತದಲ್ಲೇ, 1662ರಲ್ಲಿ, ಇಲ್ಲಿನ ಶಾಸನಸಭೆ ಕಾನೂನು ಮಾಡಿತು: ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ, ಅಪ್ಪ ಇಂಗ್ಲಿಷ್‌ನವನೇ ಆಗಿರಲಿ.

ಫೋನಿನಲ್ಲಿ ಇದನ್ನು ಓದಿ ಅಲ್ಲೇ ಕೂತುಬಿಟ್ಟೆ. ನಾಲ್ಕು ವರ್ಷದ ಮಗಳು "ಅಮ್ಮಾ, ಮನೆಗೆ ಹೋಗೋಣ" ಅಂತ ಕೈ ಎಳೆಯುತ್ತಿದ್ದಳು.