ಸುಣ್ಣಕಲ್ಲಿನ ನಾಡಿನಿಂದ ಹಿಮದ ಬೆಟ್ಟಕ್ಕೆ

ಕಾಗಿಣಾ ನದಿಯ ಆಸುಪಾಸಿನ ಬಯಲಿನಲ್ಲಿ ಹುಟ್ಟಿ ಬೆಳೆದವನಿಗೆ ಬೆಟ್ಟವೆಂದರೆ ಚಿಂಚೋಳಿಯ ಕಡೆಯ ಕಾಡುಗುಡ್ಡಗಳೇ. ಚಂದ್ರಂಪಳ್ಳಿಯ ಜಲಾಶಯ, ಎತ್ತಿಪೋತದ ಜಲಪಾತ, ಗೊಟ್ಟಂಗೊಟ್ಟದ ಸುತ್ತಲಿನ ಅರಣ್ಯ, ಇವಿಷ್ಟರಲ್ಲಿ ಅವನ ಪರ್ವತದರ್ಶನ ಮುಗಿಯುತ್ತದೆ. ಬೇಸಿಗೆಯ ತಾಪ 40 ಡಿಗ್ರಿಯನ್ನು ದಾಟುವ ಈ ನೆಲದಲ್ಲಿ ಹಿಮವೆಂಬುದು ಚಲನಚಿತ್ರದ ತೆರೆಯ ಮೇಲಿನ ವಸ್ತು. ಅಂತಹ ಸೇಡಂ ಸೀಮೆಯ ತರುಣನೊಬ್ಬ ಪದವಿ ಮುಗಿಸಿ ಉದ್ಯೋಗ ಅರಸುವ ಹೊತ್ತಿನಲ್ಲಿ, ಹಿಮಾಲಯದ ಇಳಿಜಾರುಗಳಲ್ಲಿ ಸ್ಕೀಯಿಂಗ್ ಮಾಡಲು ಅನುಕೂಲವಾಗುವ ಊರಿನಲ್ಲಿಯೇ ನೌಕರಿ ಹಿಡಿಯಬೇಕೆಂದು ಹೇಳಿದರೆ ಮನೆಯವರು ಬೆರಗಾಗುವುದು ಸಹಜ. "ಬರ್ಫದಾಗ ಏನದನೋ ತಮ್ಮಾ? ಮನಿ ಬಾಜೂಕೇ ಇಷ್ಟು ಫ್ಯಾಕ್ಟರಿ ಅವ. ಇಲ್ಲೇ ನೌಕರಿ ಮಾಡು, ಹೊಲಾನೂ ನೋಡ್ಕೊಂಡು ಹೋಗು" ಎಂಬ ತಂದೆಯ ಮಾತನ್ನು ಹಳೆಯ ಕಾಲದ ಅಳುಕೆಂದು ತಳ್ಳಿಹಾಕುವುದು ಸಲ್ಲದು. ಅದರಲ್ಲಿ ಲೆಕ್ಕಾಚಾರವಿದೆ. ಮಗನ ಆಸೆಯಲ್ಲಿಯೂ ಲೆಕ್ಕಾಚಾರವಿದೆಯೇ ಎಂಬುದೇ ಪ್ರಶ್ನೆ.

ಆಸೆಯಂತೂ ಹುಚ್ಚಲ್ಲ. ಪಾದರಕ್ಷೆಗೆ ನೀಳವಾದ ಎರಡು ಹಲಗೆಗಳನ್ನು ಬಿಗಿದು, ಕೈಯಲ್ಲಿ ಎರಡು ಕೋಲುಗಳನ್ನು ಹಿಡಿದು ಹಿಮದ ಮೇಲೆ ಜಾರುವ ಈ ಕ್ರೀಡೆಯಲ್ಲಿ ಎರಡು ಬಗೆ: ಇಳಿಜಾರಿನಲ್ಲಿ ವೇಗವಾಗಿ ಇಳಿಯುವುದು ಒಂದು, ಏರುತಗ್ಗುಗಳ ಹಾದಿಯಲ್ಲಿ ಮೈಲುಗಟ್ಟಲೆ ಸಾಗುವುದು ಇನ್ನೊಂದು. ಈ ಎರಡನೆಯ ಬಗೆಯಲ್ಲಿ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಕಂಚಿನ ಪದಕ ಗಳಿಸಿದರು. ಕೊಡಗಿನಲ್ಲಿ ಕವಿಯುವುದು ಮಂಜು, ಸುರಿಯುವುದು ಮಳೆ. ಅಲ್ಲಿಯೂ ಹಿಮ ಬೀಳುವುದಿಲ್ಲ. ಕನ್ನಡ ನಾಡಿನಲ್ಲಿ ಹುಟ್ಟಿದವರಿಗೆ ಹಿಮದ ಹಾದಿ ಮುಚ್ಚಿಲ್ಲವೆಂಬುದಕ್ಕೆ ಇಷ್ಟು ಸಾಕು. ಆದರೆ ಪದಕದ ಹಾದಿ ಬೇರೆ. ಸಂಬಳ ತಂದು, ಬಿಡುವಿನಲ್ಲಿ ಬೆಟ್ಟಕ್ಕೆ ಹೋಗಬಯಸುವವನ ಹಾದಿ ಬೇರೆ.

ಹಿಮವಿರುವಲ್ಲಿ ಜೀವನೋಪಾಯ ವಿರಳವಾಗಿರುವುದೇ ಈ ಎರಡನೆಯವನ ತೊಡಕು. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್ ಕಣಿವೆ, ಇವೇ ದೇಶದ ಮುಖ್ಯ ಸ್ಕೀಯಿಂಗ್ ತಾಣಗಳು. ಜನವರಿಯಿಂದ ಮಾರ್ಚಿಯವರೆಗೆ ಅಲ್ಲಿ ಜಾರಲು ತಕ್ಕ ಹಿಮವಿರುತ್ತದೆ. ಮೂರು ತಿಂಗಳ ಆಟಕ್ಕಾಗಿ ಹನ್ನೆರಡು ತಿಂಗಳ ಅನ್ನವನ್ನು ಹೋಟೆಲು, ಪ್ರವಾಸೋದ್ಯಮಗಳಲ್ಲಿ ಹುಡುಕುವುದು ಎಂಜಿನಿಯರಿಂಗ್ ಓದಿದವನಿಗೆ ದುಬಾರಿ. 1962ರಲ್ಲಿ ಸ್ಥಾಪನೆಯಾದ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯನ್ನು ಸೇರಿದವರಿಗೆ ಹಿಮವೂ ಸಂಬಳವೂ ಒಟ್ಟಿಗೇ ದೊರೆಯುತ್ತವೆ. ಅಲ್ಲಿ ಮಾತ್ರ ಹಿಮ ಕರ್ತವ್ಯದ ನೆಲ, ಬಿಡುವಿನ ಅಂಗಳವಲ್ಲ.

ಆದರೆ ತರುಣನು ದೂರದ ನಕ್ಷೆಯನ್ನು ನೋಡುವ ಮೊದಲು ತನ್ನ ಕಾಲಡಿಯ ನೆಲವನ್ನು ನೋಡುವುದು ಮೇಲು. ಶಹಾಬಾದಿನ ಹಾಸುಗಲ್ಲನ್ನು ಊರೂರಿಗೆ ಕಳುಹಿಸಿದ ಈ ಸುಣ್ಣಕಲ್ಲಿನ ಸೀಮೆಯೇ ಸಿಮೆಂಟಿಗೂ ತವರು. ವಾಡಿಯ ಎ.ಸಿ.ಸಿ. ಕಾರ್ಖಾನೆ 1968ರಲ್ಲಿ ಆರಂಭವಾಯಿತು; ಸೇಡಮ್ಮಿನ ವಾಸವದತ್ತಾ, ಮಳಖೇಡದ ರಾಜಶ್ರೀ ಎಂದು ಜನ ಇಂದಿಗೂ ಕರೆಯುವ ಕಾರ್ಖಾನೆಗಳು ತರುವಾಯ ಬಂದವು. ಇದೇ ಸುಣ್ಣಕಲ್ಲು ಹಿಮಾಲಯದ ತಪ್ಪಲಿನಲ್ಲಿಯೂ ಇದೆ. ಹಿಮಾಚಲದ ಬಿಲಾಸಪುರ ಜಿಲ್ಲೆಯ ಬರ್ಮಾಣಾದಲ್ಲಿ ಎ.ಸಿ.ಸಿ.ಯ ಗಾಗಲ್ ಕಾರ್ಖಾನೆ 1984ರಲ್ಲಿ ಪ್ರಾರಂಭವಾಯಿತು. ಗಣಿಯಲ್ಲಿ ಕಲ್ಲನ್ನು ಸಿಡಿಸುವುದು, ಪುಡಿಮಾಡುವುದು, ಸುಮಾರು 1450 ಡಿಗ್ರಿ ಶಾಖದ ಗೂಡಿನಲ್ಲಿ ಸುಡುವುದು, ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು, ವಾಡಿಯಲ್ಲಿ ಕಲಿತ ಈ ಕೆಲಸವೇ ಅಲ್ಲಿಯೂ ಕೆಲಸ. ಬರ್ಮಾಣಾದ ಆಸುಪಾಸು ಸ್ಕೀಯಿಂಗ್‌ಗೆ ಒದಗುವ ಇಳಿಜಾರಿಲ್ಲ, ನಿಜ. ಆದರೆ ಮಂಡಿ, ಕುಲ್ಲು ಮಾರ್ಗವಾಗಿ ಮನಾಲಿಗೆ ಅರ್ಧ ದಿನದ ಪ್ರಯಾಣ. ಸೇಡಂನಿಂದ ಹೊರಡುವವನು ವಾಡಿಯ ಮಾರ್ಗವಾಗಿ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿ ಸೇರಿ, ಅಲ್ಲಿಂದ ಮತ್ತೊಂದು ಇಡೀ ರಾತ್ರಿ ಬಸ್ಸಿನಲ್ಲಿ ಕಳೆಯಬೇಕು. ಈ ಅಂತರವನ್ನು ಉಳಿಸಿಕೊಂಡವನಿಗೆ ಚಳಿಗಾಲದ ವಾರದ ರಜೆಗಳೇ ಒದಗಿಬರುತ್ತವೆ. ಕಸುಬನ್ನು ಬಿಟ್ಟು ಬೆಟ್ಟಕ್ಕೆ ಓಡುವುದಕ್ಕಿಂತ ಕಸುಬಿನ ಜೊತೆಯಲ್ಲಿಯೇ ಬೆಟ್ಟದ ಹತ್ತಿರ ಸರಿಯುವ ಈ ಉಪಾಯ ಹೆಚ್ಚು ಬುದ್ಧಿವಂತಿಕೆಯದು.

ಬೆಲೆಯಿಲ್ಲದೆ ಮಾತ್ರ ಅದು ದೊರೆಯುವುದಿಲ್ಲ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಈ ಭಾಗದ ಸರಕಾರಿ ಹುದ್ದೆಗಳಲ್ಲಿ ಮೀಸಲಾತಿ ದೊರೆತಿದೆ. ಪದವಿ ಮುಗಿದ ಮೊದಲ ಕೆಲವು ವರ್ಷಗಳೇ ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆಗೆ ತಕ್ಕ ಕಾಲ. ಆ ವರ್ಷಗಳನ್ನು ಹಿಮಾಚಲದ ಪಾಳಿಗಳಲ್ಲಿ ಕಳೆದವನು, ಮೀಸಲಾತಿಯ ಹಕ್ಕನ್ನಲ್ಲದಿದ್ದರೂ, ಅದನ್ನು ಬಳಸಿಕೊಳ್ಳುವ ಅವಕಾಶವನ್ನು ಬಹಳಮಟ್ಟಿಗೆ ಕಳೆದುಕೊಳ್ಳುತ್ತಾನೆ.

ಇದಕ್ಕಿಂತ ಕಠಿಣವಾದದ್ದು ಪಂಚಾಂಗದ ಜಗಳ. ಹಿಮ ಬೀಳುವ ಕಾಲವೇ ತೊಗರಿಯ ರಾಶಿಯ ಕಾಲ. ಡಿಸೆಂಬರ್, ಜನವರಿಗಳಲ್ಲಿ ತೊಗರಿ ಕೊಯ್ದು ಕಣಕ್ಕೆ ಬರುವಾಗ ಮನೆಗೆ ಒಬ್ಬ ಗಂಡುಮಗ ಬೇಕಾಗುತ್ತಾನೆ. ಕೂಲಿಯವರನ್ನು ಕೂಡಿಸುವುದು, ಧಾರಣೆ ವಿಚಾರಿಸುವುದು, ಚೀಲಗಳನ್ನು ಅಡತಿಗೆ ಸಾಗಿಸುವುದು ವಯಸ್ಸಾದ ತಂದೆಗೆ ವರ್ಷದಿಂದ ವರ್ಷಕ್ಕೆ ಭಾರವಾಗುತ್ತದೆ. ಎಳ್ಳಮಾವಾಸ್ಯೆಯೂ ಆಗಲೇ. ಅವ್ವ ಸಜ್ಜೆರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ ಮಗ ಎಲ್ಲಿದ್ದಾನೆಂದು ಬಂಧುಗಳು ಕೇಳದಿರುವುದಿಲ್ಲ. ಮನಾಲಿಯಲ್ಲಿರುವ ಸರಕಾರದ ಪರ್ವತಾರೋಹಣ ಸಂಸ್ಥೆಯಲ್ಲಿ ಸ್ಕೀಯಿಂಗ್‌ನ ಮೊದಲ ತರಬೇತಿ ಸುಮಾರು ಎರಡು ವಾರಗಳದ್ದು. ಕಾರ್ಖಾನೆಯ ಹೊಸ ನೌಕರನಿಗೆ ಚಳಿಗಾಲದಲ್ಲಿ ಎರಡು ವಾರಗಳ ರಜೆ ಒಮ್ಮೆ ದೊರೆತರೆ ಅದೇ ಹೆಚ್ಚು. ಅದನ್ನು ಬೆಟ್ಟಕ್ಕೆ ಕೊಟ್ಟರೆ ಹೊಲಕ್ಕಿಲ್ಲ. ಹೊಲಕ್ಕೆ ಕೊಟ್ಟರೆ, ಬರ್ಮಾಣಾಕ್ಕೆ ಹೋದದ್ದಾದರೂ ಏತಕ್ಕೆ?

ಊರಲ್ಲಿ ಉಳಿದವನಿಗಾದರೂ ನೆಮ್ಮದಿ ಖಚಿತವೆಂದು ಹೇಳುವಂತಿಲ್ಲ. ಒಂದು ಕಾಲಕ್ಕೆ ಎಷ್ಟೋ ಮನೆಗಳ ಒಲೆ ಉರಿಸಿದ ಶಹಾಬಾದಿನ ಹಳೆಯ ಸಿಮೆಂಟು ಕಾರ್ಖಾನೆ ಮುಚ್ಚಿತು. ಬೆಟ್ಟದ ಕಡೆಯೂ ಹಾಗೆಯೇ: ಲಾರಿ ಬಾಡಿಗೆಯ ದರದ ವಿವಾದದಿಂದ ಬರ್ಮಾಣಾದ ಕಾರ್ಖಾನೆ 2022ರ ಡಿಸೆಂಬರಿನಿಂದ 2023ರ ಫೆಬ್ರುವರಿಯವರೆಗೆ ಎರಡು ತಿಂಗಳಿಗೂ ಹೆಚ್ಚು ಕಾಲ ನಿಂತಿತ್ತು. ಅದು ಸೋಲಂಗ್‌ನಲ್ಲಿ ಹಿಮ ತುಂಬುವ ಕಾಲವೇ ಆಗಿತ್ತು. ಆದರೆ ಅನ್ನದ ಚಿಂತೆ ಹೊತ್ತವನಿಗೆ ಅಂತಹ ಬಿಡುವಿನಿಂದ ಏನು ಸುಖ?

ಆದುದರಿಂದ ಹೊರಡುವವನು ನೇಮಕಾತಿಯ ಆದೇಶಕ್ಕೆ ಸಹಿ ಹಾಕುವ ಮೊದಲೇ ಒಂದು ಚಳಿಗಾಲ ಮನಾಲಿಯ ಆ ಎರಡು ವಾರಗಳ ತರಬೇತಿಯನ್ನು ಮುಗಿಸಿ ಬರುವುದು ಒಳಿತು. ಬೆಳಗಿನ ಚಳಿಯಲ್ಲಿ ಹಲಗೆಗಳನ್ನು ಹೆಗಲಿಗೇರಿಸಿ ಇಳಿಜಾರನ್ನು ಹತ್ತುವಾಗ, ಹತ್ತು ಸಲ ಬಿದ್ದು ಹನ್ನೊಂದನೆಯ ಸಲ ಏಳುವಾಗ, ಆಸೆ ಎಷ್ಟು ಗಟ್ಟಿಯೆಂಬುದು ಅವನಿಗೇ ತಿಳಿಯುತ್ತದೆ. ತಿರುಗಿ ಬಂದು ವಾಡಿಯಲ್ಲಿ ಇಳಿದಾಗ ತೊಗರಿಯ ರಾಶಿ ಮುಗಿದಿರುತ್ತದೆ. ತಂದೆ ಕಣದ ಲೆಕ್ಕ ಹೇಳುತ್ತಾನೆ. ಮಗ ಹಿಮದ ಲೆಕ್ಕ ಹೇಳಬೇಕು.