ಯಾವಾಗ ಬರುತ್ತೆ ಸದ್ದು?

ಹಳೆಯ ಕಾರಿದ್ದವರಿಗೆ ಮಿಮಿಕ್ರಿ ತಾನಾಗಿ ಬರುತ್ತದೆ. ನಮ್ಮ ಪ್ರೀಮಿಯರ್ ಪದ್ಮಿನಿಯ ಒಂದೇ ಸದ್ದು ಅಮ್ಮನ ಕಿವಿಗೆ ಕಟಕಟ, ಮಗನಿಗೆ ಗುಂಯ್, ನನಗೆ ಲೊಟಲೊಟ. ಮೂರೂ ಪಾಠಾಂತರಗಳನ್ನು ಗ್ಯಾರೇಜಿನ ಮುಂದೆ ನಿಂತು ಬಾಯಲ್ಲಿ ಮಾಡಿ ತೋರಿಸಿದರೆ ಮೆಕ್ಯಾನಿಕ್ ಸಾಬರು ಪೂರ್ತಿ ಕೇಳಿ, "ಎಂಥಾ ಸದ್ದು ಅನ್ನೋದು ಬೇಡ ಸಾರ್, ಯಾವಾಗ ಬರುತ್ತೆ ಅದು ಹೇಳಿ" ಎನ್ನುತ್ತಾರೆ.

ಇಡೀ ವಿದ್ಯೆ ಇರುವುದೇ ಆ ಪ್ರಶ್ನೆಯಲ್ಲಿ. ಗಾಡಿ ನಿಂತಿದ್ದಾಗಲೂ ಬಂದು, ಆಕ್ಸಿಲರೇಟರ್ ಒತ್ತಿದ ಹಾಗೆ ಚುರುಕಾದರೆ ಇಂಜಿನ್ನಿನದು. ಗಾಡಿ ಓಡುವಾಗ ಮಾತ್ರ ಬಂದು ವೇಗದ ಜೊತೆ ಏರಿದರೆ ಚಕ್ರದ ಕಡೆಯದು. ಬಲಕ್ಕೆ ತಿರುಗಿಸಿದಾಗ ಮೊರೆತ ಹೆಚ್ಚಾದರೆ, ಭಾರ ಬಿದ್ದ ಎಡ ಚಕ್ರದ ಬೇರಿಂಗ್ ಮೇಲೆ ಅನುಮಾನ. ಕ್ಲಚ್ ಬಿಟ್ಟು ಗಾಡಿ ಎಳೆಯುವ ಕ್ಷಣಕ್ಕೆ ಕೆಳಗಿನಿಂದ ಒಂದೇ ಒಂದು 'ಠಣ್' ಬಂದರೆ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟಿನ ಕ್ರಾಸ್ ಸವೆದಿರಬಹುದು. ಏರಿನಲ್ಲಿ ಒಳಗಿನಿಂದ ದಪ್ಪಗೆ ಧಡ್ ಧಡ್ ಎಂದರೆ ಮಾತ್ರ ಸಾಬರ ತಮಾಷೆ ನಿಲ್ಲುತ್ತದೆ: ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಕೂಡುವ ಬಿಗ್ ಎಂಡ್ ಬೇರಿಂಗ್! ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗಾನಿಸಿ, ನಾಲ್ಕು ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾರೆ. ಯಾವ ವೈರು ಕಿತ್ತಾಗ ಆ ಸಿಲಿಂಡರಿಗೆ ಬೆಂಕಿಯ ಹೊಡೆತ ತಪ್ಪಿ ಸದ್ದು ಮೆತ್ತಗಾಯಿತೋ ಕಳ್ಳ ಅಲ್ಲಿದ್ದಾನೆ.

ಇಷ್ಟು ಖಚಿತ ಕಿವಿ ಬಂದದ್ದು ಕಾರಿನ ಹಟದಿಂದಲೂ ಇರಬೇಕು. ಇಟಲಿಯ ಫಿಯಟ್ 1100 ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, 1974ರಲ್ಲಿ ಪದ್ಮಿನಿಯಾಯಿತು. ಹೆಸರು ಬದಲಾದರೂ ಅದೇ 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದ ಅದೇ ಗೇರು. ಕಾರು ಬದಲಾಗದಿದ್ದರೆ ಕಾಯಿಲೆಗಳೂ ಬದಲಾಗುವುದಿಲ್ಲ. ಒಂದು ಪದ್ಮಿನಿ ಕೇಳಿದವನು ಊರಿನ ಪದ್ಮಿನಿಗಳನ್ನೆಲ್ಲ ಕೇಳಿದಂತೆ. ಬೇರೆ ಕಾರಿಗೆ ದಾರಿಯೇ ಇಲ್ಲದ ಕಾಲ ಗಿರಾಕಿಗೆ ಶಿಕ್ಷೆ, ಮೆಕ್ಯಾನಿಕ್ಕಿಗೆ ವಿಶ್ವವಿದ್ಯಾಲಯ.

ಪದ್ಮಿನಿಯ ಕಾರ್ಖಾನೆ ನಮ್ಮ ಬೆಂಗಳೂರಿನಲ್ಲೇ ಇರಬಹುದಿತ್ತು ಎಂಬ ಹೊಟ್ಟೆಯುರಿ ನನಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, 70 ದಾಟಿದ ಮೇಲೆ, ಕಾರು ಕಾರ್ಖಾನೆಗಳನ್ನು ನೋಡಲೆಂದೇ ಯೂರೋಪು, ಅಮೆರಿಕ ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಮೈಸೂರು ಸರ್ಕಾರವೂ ಕೈಜೋಡಿಸಲು ತಯಾರಿತ್ತು; ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ್ದು ವಿಮಾನ ಕಾರ್ಖಾನೆ. ಅವರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ. ಕಾರಿನ ಲೆಕ್ಕದಲ್ಲಿ ನಮ್ಮ ಪಾಲಿಗೆ ಉಳಿದದ್ದು ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳು.

ನಮ್ಮ ಕಾರಿನಲ್ಲಿ ಕಳೆದ ಸಲ ಸಿಕ್ಕಿಬಿದ್ದದ್ದು ವಾಲ್ವು ತೆರೆಯುವ ಟ್ಯಾಪೆಟ್. ಅದರದು ತೆಳು ಸದ್ದು. ಇಂಜಿನ್ ಎರಡು ಸುತ್ತು ತಿರುಗಿದರೆ ಅದನ್ನು ತಳ್ಳುವ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ತಿರುಗುವುದರಿಂದ ತಾಳವೂ ಅರ್ಧ. ಸಾಬರು ಫೀಲರ್ ಗೇಜ್ ತೂರಿಸಿ ಒಂದೊಂದೇ ಸಂದನ್ನು ಅಳೆದು, ಸರಿಮಾಡಿ, ಮುಚ್ಚಳ ಹಾಕಿದರು. ಸ್ಟಾರ್ಟ್ ಮಾಡಿದರೆ ಸಣ್ಣಗೆ ಟಿಕ್ ಟಿಕ್ ಇದ್ದೇ ಇತ್ತು.

"ಇನ್ನೂ ಬಿಗಿ ಮಾಡಿದ್ರೆ ಪೂರ್ತಿ ನಿಲ್ಲುತ್ತೆ ಸಾರ್. ಆಮೇಲೆ ವಾಲ್ವು ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತೆ. ಮಾಡ್ಲಾ?"

ಬೇಡವೆಂದು ಹಣ ಕೊಟ್ಟು ಹೊರಟೆ. ದಾರಿಯಲ್ಲಿ ಹತ್ತಿಕೊಂಡ ಹೆಂಡತಿ ಸ್ವಲ್ಪ ಹೊತ್ತು ಕಿವಿಗೊಟ್ಟು, "ಸದ್ದು ಇನ್ನೂ ಇದೆಯಲ್ರೀ, ಮತ್ತೆ ದುಡ್ಡು ಯಾತಕ್ಕೆ ಕೊಟ್ರಿ?" ಎಂದಳು.

"ಅಷ್ಟು ಉಳಿಸಿದ್ದಕ್ಕೆ" ಎಂದೆ.